ಏಳನೆಯ ಸಹಿ

ದಾವಣಗೆರೆ
೧೨-೮-೧೯೬೪

ಸಂಘದ ಅಧ್ಯಕ್ಷರಾದ ಹಾಲೇಶಪ್ಪನವರಿಗೆ, ಆನೆಕೊಂಡದ ಉಚ್ಚೆಂಗಪ್ಪ ಮಾಡುವ ನಮಸ್ಕಾರಗಳು.

ನಮ್ಮ ಕ್ಷಯರೋಗಿಗಳ ಸಹಾಯ ಸಂಘದ ಏಳು ಜನ ಸ್ಥಾಪಕರಲ್ಲಿ ನನ್ನ ಹೆಸರು ತೆಗೆದುಹಾಕಬೇಕು. ಮಗಳು ಓಬವ್ವ ಎರಡು ತಿಂಗಳಿಂದ ಕೆಮ್ಮುತ್ತಿದ್ದಾಳೆ. ಹರಿಹರದ ಡಾಕ್ಟರು ಕ್ಷಯ ಅಂದರು. ಔಷಧಿಗೆ ಅವಳ ಅರ್ಜಿ ಇದರ ಜೊತೆ ಐತೆ.

ಸ್ಥಾಪಕರ ಮನೆಯವರಿಗೆ ಔಷಧಿ ಕೊಟ್ಟರೆ ಸಂಘದ ತೆರಿಗೆ ವಿನಾಯಿತಿ ಹೋಗುತ್ತೆ ಅಂತ, ಕೊಡಬಾರದು ಎಂಬ ನಿಯಮ ಬರೆಸಿದವನು ನಾನೇ. ಹೋದ ವರ್ಷ ನಮ್ಮ ಏಳು ಜನರಲ್ಲಿ ಒಬ್ಬರಾದ ಖಾಜಾ ಹುಸೇನರು ತಮ್ಮ ತಂಗಿ ಮಾಬೂಬೀಗೆ ಔಷಧಿ ಕೇಳಿದಾಗ ಅದನ್ನೇ ಓದಿ ಹೇಳಿದೆ. ಹಂಗಾದರೆ ನನ್ನ ಹೆಸರು ತೆಗೀರಿ ಅಂದರು. ಕ್ಷಯ ಅಂದರೆ ಜನ ಹತ್ತಿರ ಬರೋದಿಲ್ಲ, ಕಾನೂನಿಗೆ ಏಳು ಜನ ಬೇಕು, ಏಳನೆಯವರು ಸಿಗದಿದ್ದರೆ ಸಂಘವೇ ನಿಂತುಹೋಗುತ್ತೆ ಅಂತ ಅವರನ್ನ ತಡೆದವನೂ ನಾನೇ. ದೀಪಾವಳಿ ಹೊತ್ತಿಗೆ ಮಾಬೂಬೀ ತೀರಿಕೊಂಡರು.

ನನ್ನ ಜಾಗಕ್ಕೆ ಬಾತಿಯ ಬೊಮ್ಮಣ್ಣನವರು ಸಹಿ ಮಾಡಿಕೊಟ್ಟ ಒಪ್ಪಿಗೆ ಪತ್ರವನ್ನೂ ಇಟ್ಟಿದ್ದೀನಿ. ಅವರನ್ನ ಹುಡುಕಿದ್ದು ನಾನಲ್ಲ. ನಿನ್ನೆ ಖಾಜಾ ಹುಸೇನರು ಸೈಕಲ್ ಮೇಲೆ ಬಾತಿಗೆ ಹೋಗಿ, ಅವರನ್ನ ಒಪ್ಪಿಸಿ, ಪತ್ರ ಬರೆಸಿಕೊಂಡು ಬಂದು ನಮ್ಮ ಜಗಲಿ ಮೇಲೆ ಇಟ್ಟರು.

ಒಳಗೆ ಬರ್ರಿ ಅಂದೆ. ಬರಲಿಲ್ಲ.

ಇತಿ,
ಓಬವ್ವನ ತಂದೆ
ಉಚ್ಚೆಂಗಪ್ಪ