ಶಾಫ್ಟಿನ ಮೇಲಿದ್ದ ಕುಂಕುಮ

ಶಿವಪ್ಪ ಕಾಕಾ,

ಕಾಲಿಗೆ ಬಿದ್ದು ಶುರು ಮಾಡಬೇಕಿತ್ತು. ಆದರೆ ಇದನ್ನು ಓದಿದ ಮೇಲೆ ಕಾಲು ಮುಟ್ಟಲು ಬಿಡುತ್ತೀರೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ನಮಸ್ಕಾರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಾನು ಈರಣ್ಣ. ವಿಜಯವಾಡದ ಭವಾನಿಪುರಂನಲ್ಲಿ, ನನ್ನದೇ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀವು ಹೋಗಿ ಎರಡು ವರ್ಷವಾಯಿತು. ಆ ಘಾಟಿಯ ದಿನಕ್ಕೆ ಎಂಟು ವರ್ಷವಾಯಿತು. ಆ ತಪ್ಪು ಯಾರದು ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ನಿಮಗೆ ಹೇಳಲಿಲ್ಲ.

ಹೋದ ವಾರ ಒಂದು ಫೋರ್ ವೀಲ್ ವ್ಯಾನ್ ಬಂತು. ಥೇಟ್ ನಮ್ಮ ಆಸ್ಪತ್ರೆ ವ್ಯಾನಿನಂಥದ್ದೇ. ನಲವತ್ತು ಮುಟ್ಟಿದರೆ ಸಾಕು, ಕಾಲ ಕೆಳಗೆ ಜೋಮು ಹಿಡಿದ ಹಾಗೆ ನಡುಗುತ್ತದೆ ಅಂದ ಮಾಲೀಕ. ಗೇರ್‌ಬಾಕ್ಸೇ ಬದಲಿಸಬೇಕು ಅಂತ ಯಾರೋ ಪುಣ್ಯಾತ್ಮ ಅವನ ತಲೆಗೆ ತುಂಬಿದ್ದ. ನಾನು ಅಡಿಗೆ ಮಲಗಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟಿಗೆ ಕೈ ಇಟ್ಟೆ. ಕೊಳವೆಯ ಎರಡು ತುದಿಯ ಕವಲುಗಳು ಒಂದೇ ಕಡೆ ಮುಖ ಮಾಡಿರಬೇಕಲ್ಲ? ಇದರಲ್ಲಿ ಒಂದು ಹೊಳೆಯ ಕಡೆ ನೋಡುತ್ತಿತ್ತು, ಇನ್ನೊಂದು ಆಕಾಶದ ಕಡೆ. ಕಾಕಾ, ಐದು ನಿಮಿಷ ನಾನು ಆ ಗಾಡಿಯ ಅಡಿಯಿಂದ ಎದ್ದು ಬರಲಿಲ್ಲ.

ನಿಮ್ಮ ಹತ್ತಿರ ಕೆಲಸಕ್ಕೆ ಸೇರಿದ ದಿನ ನೆನಪಿದೆಯೇ? ಡಾಕ್‌ಯಾರ್ಡಿನಲ್ಲಿ ಒಂಬತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು, ಮೂವತ್ತು ದಾಟಿದ ಗಂಡಸು, ತಲೆಯಲ್ಲಿ ಒಂದಿಷ್ಟು ಕೊಬ್ಬು ಬೇರೆ. ಗಾಜುವಾಕದ ನಿಮ್ಮ ಶೆಡ್ಡಿಗೆ ಬಂದವನೇ ಪಾನಾ ತಗೊಂಡು ನಟ್ಟಿಗೆ ಹಾಕಿದೆ. ನೀವು ಮಣಿಕಟ್ಟು ಹಿಡಿದಿರಿ. "ಏ ತಮ್ಮಾ, ಮೊದ್ಲ ಕೈ ಇಡು. ಪಾನಾ ಎಲ್ಲಿ ಓಡಿ ಹೊಕ್ಕೈತಿ?" ಗದಗಿನಿಂದ ನೌಕಾಪಡೆ ಸೇರಿ, ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ, ತೆಲುಗಿನ ಸತ್ಯವತಿ ಕಾಕುವನ್ನು ಮದುವೆಯಾಗಿ ವಿಶಾಖಪಟ್ಟಣದಲ್ಲೇ ಉಳಿದರೂ ನಿಮ್ಮ ಮಾತು ಮಾತ್ರ ಗದಗ ಬಿಟ್ಟು ಒಂದು ಅಡಿ ಸರಿದಿರಲಿಲ್ಲ. ಆ ಮಾತು ಕೇಳಲಿಕ್ಕೇ ನಾನು ಅಲ್ಲಿ ಉಳಿದೆ ಅಂದರೂ ತಪ್ಪಿಲ್ಲ.

ಎಂಟು ವರ್ಷದ ಹಿಂದೆ ಆ ಆಸ್ಪತ್ರೆ ವ್ಯಾನ್ ನಿಮ್ಮ ಶೆಡ್ಡಿಗೆ ಬಂದಾಗ ದಸರೆಯ ಬನ್ನಿ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಪಾಡೇರು ಕಡೆಯ ಬೆಟ್ಟದ ಹಳ್ಳಿಗಳಿಗೆ ಡಾಕ್ಟರಮ್ಮನನ್ನೂ ಔಷಧಿಯನ್ನೂ ಹೊತ್ತೊಯ್ಯುವ ವ್ಯಾನು ಅದು. ಕ್ಲಚ್ ಬಿಟ್ಟ ಕೂಡಲೇ ಅಡಿಯಲ್ಲಿ ಟಣ್ ಅನ್ನುತ್ತಿತ್ತು. ನೀವು ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ಬಿಡಿಸಿ, ಕಣ್ಣು ಮುಚ್ಚಿ ಶಾಫ್ಟನ್ನು ಅತ್ತ ಇತ್ತ ತಿರುವಿದಿರಿ. "ಊಳಿಟ್ಟರ ಹಿಂದಿನ ಅಚ್ಚಿನ ಗೇರಿನ ಗುಂಡಾ ನೋಡಬೇಕಿತ್ತು. ಇದು ಬರೇ ಟಣ್ ಅಂತೈತಿ. ಕ್ರಾಸ್ ಸವದೈತಿ, ಎರಡೂ." ಬಿಚ್ಚಿ ನೋಡಿದರೆ ಕವಲುಗಳ ನಡುವೆ ಕೂರುವ ಕ್ರಾಸಿನ ಸೂಜಿ ಬೇರಿಂಗುಗಳು ತುಕ್ಕಿನ ಪುಡಿಯಾಗಿದ್ದವು. ಶಾಫ್ಟಿನ ಎರಡು ಭಾಗವನ್ನು ಎಳೆದು ಬೇರೆ ಮಾಡುವ ಮೊದಲು, ಸೇರುವ ಜಾಗದ ಎರಡೂ ಬದಿಗೆ ಸಣ್ಣ ಕುಂಚದಿಂದ ಒಂದೊಂದು ಕೆಂಪು ಚುಕ್ಕಿ ಇಟ್ಟಿರಿ. ಮತ್ತೆ ಸೇರಿಸುವಾಗ ಚುಕ್ಕಿಗೆ ಚುಕ್ಕಿ ಕೂಡಬೇಕು. ಕೂಡದಿದ್ದರೆ ಕವಲುಗಳ ಮುಖ ತಪ್ಪುತ್ತದೆ, ಗಾಡಿ ನಡುಗುತ್ತದೆ. ಇದನ್ನು ನನಗೆ ಎಷ್ಟು ಸಲ ಹೇಳಿದ್ದೀರೋ...

ಮರುದಿನ ನಿಮ್ಮ ಖಂಡೇ ಪೂಜೆ, ಕಾಕುವಿನ ಆಯುಧಪೂಜ. ಒಣ ಕುಂಕುಮ ಕಬ್ಬಿಣದ ಮೇಲೆ ನಿಲ್ಲುವುದಿಲ್ಲ ಅಂತ ಕಾಕು ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಇಡುತ್ತಿದ್ದರು. ವೈಸಿಗೆ, ಜಾಕಿಗೆ, ಸುತ್ತಿಗೆಗೆ, ಬೆಂಚಿನ ಮೇಲೆ ಮಲಗಿದ್ದ ಶಾಫ್ಟಿನ ತುಂಡುಗಳಿಗೆ, ನಿಮ್ಮ ಹಣೆಗೂ ಒಂದು. "ಇದೊಂದು ಹಳೇ ಎಂಜಿನ್, ಇದಕ್ಕೂ ಇರಲಿ," ಅಂದು ಅವರು ನಕ್ಕಿದ್ದು ನೆನಪಿದೆ. ನಿಮ್ಮದೊಂದು ಕಟ್ಟುನಿಟ್ಟು ಇತ್ತು. ಪೂಜೆಯ ಕುಂಕುಮವನ್ನು ಯಾರೂ ಒರೆಸಕೂಡದು, ಕೆಲಸ ಮಾಡ್ತಾ ಮಾಡ್ತಾ ತಾನಾಗಿ ಹೋಗಬೇಕು. ನಾವೆಲ್ಲ ಅದನ್ನು ಪಾಲಿಸುತ್ತಿದ್ದೆವು, ಹಾಗಾಗಿ ದೀಪಾವಳಿಯವರೆಗೂ ನಮ್ಮ ಗ್ಯಾರೇಜಿನ ಪಾನಾಗಳೆಲ್ಲ ಮುತ್ತೈದೆಯರೇ.

ಬನ್ನಿ ಹಬ್ಬದ ಬೆಳಿಗ್ಗೆ ನಾವಿನ್ನೂ ಪೂಜೆ ಕದಲಿಸಿರಲಿಲ್ಲ, ಡಾಕ್ಟರಮ್ಮ ಶೆಡ್ಡಿನ ಮುಂದೆ ನಿಂತಿದ್ದರು. ಬೆಟ್ಟದ ಮೇಲೆ ಮೂರು ಹಳ್ಳಿಯಲ್ಲಿ ಜ್ವರ, ಇವತ್ತೇ ಹೊರಡಬೇಕು ಅಂದರು. ನೀವು ಬನ್ನಿ ಎಲೆಯನ್ನು ಜೇಬಿಗೆ ಹಾಕಿಕೊಂಡು ಹೊಸ ಕ್ರಾಸ್ ಕೂರಿಸಲು ಶುರು ಮಾಡಿದಿರಿ. ತುಂಡುಗಳನ್ನು ಜೋಡಿಸುವ ಕೆಲಸ ನನಗೆ ಬಂತು. ಗ್ರೀಸಿನ ನಡುವೆ ಕೆಂಪು ಚುಕ್ಕಿ ಕಂಡಿತು, ಎದುರಿನ ತುಂಡಿನಲ್ಲೂ ಕಂಡಿತು, ಕೂಡಿಸಿದೆ. ಒರೆಸಿ ನೋಡಲಿಲ್ಲ. ಪೂಜೆಯ ಕುಂಕುಮವಲ್ಲವೇ, ಒರೆಸುವುದು ಹೇಗೆ? ಸರಿ, ಒರೆಸದಿದ್ದರೆ ಬೇಡ. ಜೋಡಿಸಿದ ಮೇಲೆ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಕವಲುಗಳ ಮುಖ ನೋಡಬೇಕು ಅಂತ ಕಲಿಸಿದ್ದಿರಲ್ಲ, ಅದನ್ನಾದರೂ ಮಾಡಬಾರದಿತ್ತೇ? ಮಾಡಲಿಲ್ಲ. ಡಾಕ್ಟರಮ್ಮ ಗಡಿಯಾರ ನೋಡುತ್ತಿದ್ದರು, ನಾನು ಡಾಕ್ಟರಮ್ಮನನ್ನು ನೋಡುತ್ತಿದ್ದೆ. ನೀವು ಗಾಡಿಯ ಅಡಿಯಿಂದ ಕೇಳಿದಿರಿ, "ಗುರುತು ಕೂಡ್ಯಾವೇನಪಾ?" ನಾನು ಅಂದೆ, "ಕೂಡ್ಯಾವ, ಕಾಕಾ."

ಬಿಚ್ಚಿದವನು ಮೊದಲ ಘಾಟಿಗೆ ಗಾಡಿಯಲ್ಲೇ ಇರಬೇಕು ಅನ್ನುವುದು ನಿಮ್ಮ ಇನ್ನೊಂದು ಹಟ. ನೀವು ಡ್ರೈವರ್ ಅಪ್ಪಲರಾಜುವಿನ ಪಕ್ಕ ಕೂತಿರಿ. ಹಿಂದೆ ಡಾಕ್ಟರಮ್ಮ, ಒಬ್ಬ ನರ್ಸಮ್ಮ, ಔಷಧಿಯ ಪೆಟ್ಟಿಗೆಗಳು, ನಾನು. ಊರು ದಾಟಿದ ಮೇಲೆ ನೀವು ಅಂಗೈಯನ್ನು ನೆಲದ ತಗಡಿಗೆ ಒತ್ತಿ, "ಈರಣ್ಣಾ, ಏನೋ ನಡುಗತೈತಲ್ಲೋ?" ಅಂದಿರಿ. ನನಗೂ ಗೊತ್ತಾಗಿತ್ತು. "ಟೈರು ಸವೆದಾವ ಕಾಕಾ, ಅದಕ್ಕ," ಅಂದೆ. ನೀವು ನಂಬಿದಿರಿ. ಯಾಕೆ ನಂಬಿದಿರಿ? ಎಲ್ಲರ ಮಾತನ್ನೂ ಎರಡು ಸಲ ಅಳೆಯುವ ಮನುಷ್ಯ, ನನ್ನ ಮಾತನ್ನು ಯಾಕೆ ಹಾಗೆಯೇ ಬಿಟ್ಟಿರಿ?

ಘಾಟಿಯ ಅರ್ಧಕ್ಕೆ ಬಂದಿದ್ದೆವು. ಏರು, ಬಲಕ್ಕೆ ಬಂಡೆ, ಎಡಕ್ಕೆ ಏನೂ ಇಲ್ಲ. ಮೊದಲು ನಡುಕ ಜೋರಾಯಿತು, ಆಮೇಲೆ ಅಡಿಯಲ್ಲಿ ಫಡ್ ಅಂತ ಒಂದು ಏಟು. ನಡುಕಕ್ಕೆ ಹಿಂದಿನ ನಟ್ಟುಗಳು ಸಡಿಲಾಗಿ ಕ್ರಾಸ್ ಕಳಚಿ, ಶಾಫ್ಟ್ ಹುಚ್ಚು ಹಿಡಿದಂತೆ ನೆಲದ ತಗಡನ್ನು ಬಡಿಯತೊಡಗಿತು. ಬ್ರೇಕಿನ ಪೈಪೂ ಅದರ ಏಟಿಗೆ ಹರಿಯಿತು. ಎಂಜಿನ್ ಕಿರುಚುತ್ತಿದೆ, ಗಾಡಿ ಹಿಂದಕ್ಕೆ ಜಾರುತ್ತಿದೆ. ಅಪ್ಪಲರಾಜು ಹ್ಯಾಂಡ್ ಬ್ರೇಕ್ ಎಳೆದ. ಅದು ಹಿಡಿಯುವುದೂ ಆ ಶಾಫ್ಟನ್ನೇ, ಚಕ್ರವನ್ನಲ್ಲ! ನರ್ಸಮ್ಮ ಪೆಟ್ಟಿಗೆಗಳ ಜೊತೆ ಬಾಗಿಲಿಗೆ ಬಡಿದರು. ನೀವು ಕೂಗಿದಿರಿ, "ಕ್ಲಚ್ ತೊಕ್ಕು!" ಅವನು ಒತ್ತಿದ. ನೀವು ಸೀಟಿನಿಂದ ಬಗ್ಗಿ, ಮುಂದಿನ ಚಕ್ರಗಳನ್ನೂ ಎಂಜಿನ್ನಿಗೆ ಕೂಡಿಸುವ ಫೋರ್ ವೀಲ್ ಲಿವರನ್ನು ಎರಡೂ ಕೈಯಿಂದ ಎಳೆದಿರಿ. ಒಂದು ಸಲ ಗರಗರ ಅಂತು, ಕೂರಲಿಲ್ಲ. ಇನ್ನೊಂದು ಸಲ. ಕೂತಿತು. "ಇಪ್ಪುಡು ವದಿಲೇಯ್!" ಅವನು ಕ್ಲಚ್ ಬಿಟ್ಟ. ಮುಂದಿನ ಎರಡು ಚಕ್ರ ನೆಲ ಕಚ್ಚಿದವು, ಗಾಡಿ ನಿಂತಿತು. ನಾನು ಇಳಿದು ನೋಡಿದಾಗ ಹಿಂದಿನ ಚಕ್ರ ಅಂಚಿನ ಕಲ್ಲಿಗೆ ತಾಗಿ ನಿಂತಿತ್ತು.

ನರ್ಸಮ್ಮನ ಮಣಿಕಟ್ಟು ಮುರಿದಿತ್ತು. ಜೀವ ಯಾರದ್ದೂ ಹೋಗಲಿಲ್ಲ. ಅವರನ್ನೂ ಡಾಕ್ಟರಮ್ಮನನ್ನೂ ಹಿಂದೆ ಬಂದ ಬಸ್ಸು ಹತ್ತಿಸಿದೆವು. ಆಮೇಲೆ ನೀವು ರಸ್ತೆಯ ಬದಿಯಲ್ಲೇ ಶಾಫ್ಟ್ ಬಿಚ್ಚಿ, ಪೈಪಿನ ತುದಿ ಬಡಿದು ಮುಚ್ಚಿ, ಮುಂದಿನ ಚಕ್ರಗಳ ಬಲದಲ್ಲೇ ಗಾಡಿಯನ್ನು ಮೆಲ್ಲಗೆ ಊರಿಗೆ ಇಳಿಸಿಕೊಂಡು ಬಂದಿರಿ. ಅಷ್ಟು ಹೊತ್ತೂ ನನ್ನ ಕಡೆ ತಿರುಗಲಿಲ್ಲ. ಕೋಪವೇನೋ ಅಂದುಕೊಂಡೆ. ಕೋಪವಾಗಿದ್ದರೆ ಚೆನ್ನಾಗಿತ್ತು.

ಶೆಡ್ಡಿನಲ್ಲಿ ಶಾಫ್ಟನ್ನು ಬೆಂಚಿನ ಮೇಲಿಟ್ಟು, ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದಿರಿ. ಕವಲುಗಳ ಮುಖ ತಪ್ಪಿದ್ದು ಕಂಡಿತು. ಕನ್ನಡಕ ಒರೆಸಿಕೊಳ್ಳಲು ಬಾಗಿಲಿನ ಬೆಳಕಿಗೆ ಹೋದಿರಿ. ಆಗ ನಾನು ಸೀಮೆಎಣ್ಣೆಯ ಅರಿವೆಯಿಂದ ಆ ಚುಕ್ಕಿಯನ್ನು ತಿಕ್ಕಿದೆ. ಪೇಂಟು ಸೀಮೆಎಣ್ಣೆಗೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಇದು ಒಂದೇ ತಿಕ್ಕಿಗೆ ಅರಿವೆಗೆ ಬಂತು. ಕುಂಕುಮ. ಗ್ರೀಸನ್ನು ಇನ್ನಷ್ಟು ಒರೆಸಿದರೆ, ಕಾಲು ಸುತ್ತು ಆಚೆ ನಿಮ್ಮ ಪೇಂಟಿನ ಚುಕ್ಕಿ ಗಟ್ಟಿಯಾಗಿ ಕೂತಿತ್ತು. ನಾನು ಹೆಬ್ಬೆರಳಿನಿಂದ ಅದರ ಮೇಲೆ ಮತ್ತೆ ಗ್ರೀಸು ಬಳಿದೆ. ಅರಿವೆಯನ್ನು ಜೇಬಿಗೆ ತುರುಕಿದೆ. ನೀವು ಬಂದು ಕೇಳಿದಿರಿ, "ಚುಕ್ಕಿ ಇಡೂದ್ರಾಗ ನಾನ ತಪ್ಪಿದ್ನೇನೋ, ಈರಣ್ಣಾ? ನನ್ನ ಕಣ್ಣು..." ನಾನು ಜೇಬಿನ ಅರಿವೆಯನ್ನು ಇನ್ನೂ ಒಳಕ್ಕೆ ತಳ್ಳಿದೆ. ಅಷ್ಟೇ, ಬೇರೇನೂ ಮಾಡಲಿಲ್ಲ.

ಅಪ್ಪಲರಾಜು ಅಲ್ಲೇ ನಿಂತಿದ್ದ. "ಪೆದ್ದಾಯನಕಿ ಚೂಪು ಪೋಯಿಂದಿ," ಮುದುಕನ ದೃಷ್ಟಿ ಹೋಯಿತು, ಅಂತ ಮೆಲ್ಲಗೆ ಅಂದ. ನಿಮಗೆ ಕೇಳಿಸಿತು. ನೀವು ಕೈ ತೊಳೆದು, ಪಾನಾಗಳನ್ನು ಒಂದೊಂದಾಗಿ ಖಾಕಿ ಚೀಲದಲ್ಲಿ ಸುತ್ತಿ, ಹಡಗಿನವರ ಆ ಗಟ್ಟಿ ಗಂಟು ಹಾಕಿ ಕಾಕುವಿನ ಕೈಗೆ ಕೊಟ್ಟಿರಿ. "ಕೈ ಇನ್ನೂ ಐತಿ, ಕಣ್ಣಿಲ್ಲ. ಮಂದಿ ಜೀವಾ ಹೋಗ್ತಿತ್ತು," ಅಂದಿರಿ. ಆಮೇಲೆ ಆರು ವರ್ಷ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರೇ ಹೊರತು ಒಂದು ನಟ್ಟು ಮುಟ್ಟಲಿಲ್ಲ. ನಾನು ನನಗೆ ನಾನೇ ಏನೇನೋ ಹೇಳಿಕೊಂಡೆ. ಹೆಂಡತಿ ಬಾಣಂತಿ, ಕೆಲಸ ಹೋದರೆ ಹೇಗೆ ಅಂದುಕೊಂಡೆ. ನಿಜ ಹೇಳಿದರೆ ಕಾಕು ತಮ್ಮ ಕುಂಕುಮವನ್ನೇ ದೂರಿಕೊಳ್ಳುತ್ತಾರೆ ಅಂದುಕೊಂಡೆ. ಎಲ್ಲ ಸುಳ್ಳು ಕಾಕಾ, ನನಗೆ ಹೆದರಿಕೆ, ಅಷ್ಟೇ. ನೀವು ಆ ಕುರ್ಚಿಯಲ್ಲಿ ಕೂತಿರುವುದನ್ನು ನೋಡಲಾಗದೆ ವಿಜಯವಾಡಕ್ಕೆ ಓಡಿಬಂದೆ. ನೀವು ಅದಕ್ಕೂ ಆಶೀರ್ವಾದ ಮಾಡಿ ಕಳಿಸಿದಿರಲ್ಲ!

ಹೋದ ವಾರದ ವ್ಯಾನನ್ನು ಸರಿ ಮಾಡಿಕೊಟ್ಟ ಮರುದಿನ ವಿಶಾಖಪಟ್ಟಣದ ಬೆಳಗಿನ ರೈಲು ಹಿಡಿದೆ. ಕಾಕು ಶೆಡ್ಡಿನ ಹಿಂದಿನ ಮನೆಯಲ್ಲೇ ಇದ್ದು ಶೆಡ್ಡು ನಡೆಸುತ್ತಿದ್ದಾರೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಊಟಕ್ಕೆ ಏಳು ಅಂದರು. ಮೊದಲು ಕೇಳಿ ಅಂದು ಎಲ್ಲ ಹೇಳಿದೆ, ಅರಿವೆಯನ್ನು ಜೇಬಿಗೆ ಹಾಕಿಕೊಂಡಿದ್ದನ್ನೂ. ಕೊನೆಗೆ, "ನಿಮ್ಮ ಕುಂಕುಮದ್ದು ತಪ್ಪಿಲ್ಲ ಕಾಕು," ಅಂತ ಸಮಾಧಾನ ಮಾಡಲು ಹೋದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಅದು ನನಗ ಗೊತ್ತೈತಿ ಬಾಬು. ಕುಂಕುಮಾ ಕುಂಕುಮಾನ ಇತ್ತು. ನೋಡಲಾರದವ ನೀನು." ಆಮೇಲೆ, "ನನಗ್ಯಾಕ ಹೇಳ್ತಿ? ಆರು ವರ್ಷ ಬಾಗಿಲಾಗ ಕೂತವರಿಗೆ ಹೇಳು. ಬರಿ," ಅಂದರು. ಬೈಯಲಿಲ್ಲ. ಊಟವನ್ನೂ ಮತ್ತೆ ಕೇಳಲಿಲ್ಲ. ಹಸಿದೇ ಬಂದೆ, ಅದು ನನಗೆ ತಕ್ಕದ್ದೇ.

ಅದಕ್ಕೇ ಈ ಪತ್ರ. ಕಾಕು ನಿಮ್ಮಿಂದ ಕನ್ನಡ ಮಾತು ಕಲಿತರು, ಓದಲು ಕಲಿಯಲಿಲ್ಲ. ಹಾಗಾಗಿ ಇದನ್ನು ಓದಬೇಕಾದವನು ನಾನೇ. ಖಂಡೇ ಪೂಜೆಗೆ ಇನ್ನು ಹನ್ನೊಂದು ದಿನ. ಅವತ್ತು ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಫೋಟೋದ ಮುಂದೆ, ಕೆಲಸದವರೆಲ್ಲ ನಿಂತಿರುವಾಗ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಓದುತ್ತೇನೆ. ಅಪ್ಪಲರಾಜುವನ್ನೂ ಕರೆಯುತ್ತಾರಂತೆ. ಬರುತ್ತೇನೆ ಕಾಕಾ, ಈ ಸಲ ಓಡಿಹೋಗುವುದಿಲ್ಲ. ನಮಸ್ಕಾರವನ್ನೂ ಅಲ್ಲೇ ಮಾಡುತ್ತೇನೆ, ಬೇಕಾದರೆ ಕಾಲು ಹಿಂದಕ್ಕೆಳೆದುಕೊಳ್ಳಿ.

ಇನ್ನೊಂದು ಮಾತು. ಆ ಖಾಕಿ ಚೀಲ ಫೋಟೋದ ಕೆಳಗೇ ಇದೆ, ನೀವು ಹಾಕಿದ ಗಂಟೇ ಇದೆ. ಹೊರಡುವಾಗ ಅದಕ್ಕೆ ಕೈ ಚಾಚಿದೆ. ಕಾಕು ನನ್ನ ಕೈ ಸರಿಸಿದರು. "ಓದಿದ ಮ್ಯಾಲೆ ನಾನ ಬಿಚ್ಚತೀನಿ," ಅಂದರು. ಪಾನಾಗಳೆಲ್ಲ ಮತ್ತೆ ಗೋಡೆಗೆ ಏರುತ್ತವೆ, ಕಾಕಾ. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ನೀವು ಇಟ್ಟ ಚುಕ್ಕಿ ಸರಿಯಾದ ಜಾಗದಲ್ಲೇ ಇತ್ತು.

ನಿಮ್ಮ
ಈರಣ್ಣ