ಬೆಂದರೂ ಬೆಳ್ಳಗಾಗದ ಮೊಟ್ಟೆ

ಅಪ್ಪಾ,

ಇವತ್ತು ಬೆಳಿಗ್ಗೆ ಗಸ್ತು ಹೋದಾಗ ನೋಡಿದರೆ, ಒಂದು ಪೆಂಗ್ವಿನ್, ಮೊಟ್ಟೆಯ ಬದಲು ಕಲ್ಲಿನ ಮೇಲೆ ಕಾವಿಗೆ ಕೂತಿತ್ತು. ಕಡಲು ತಿಕ್ಕಿ ನುಣುಪಾಗಿಸಿದ ಉರುಟು ಕಲ್ಲು. ನಮ್ಮ ತೀರದಲ್ಲಿ ಉಳಿದಿರುವುದೇ ಬೆರಳೆಣಿಕೆಯ ಗೂಡು. ಇಡೀ ಕೇಪ್ ಕರಾವಳಿಯಲ್ಲಿ ಮೊಟ್ಟೆ ಕದ್ದು ಕಲ್ಲಿಡುವ ಕೈಚಳಕ ನಿನ್ನದೊಂದೇ; ಆದರೆ ನೀನು ತೀರಿಹೋಗಿ ಇವತ್ತಿಗೆ ವರ್ಷ.

ನಿನ್ನ ಜೊತೆ ಮೊಟ್ಟೆ ಆರಿಸುತ್ತಿದ್ದ ಗಾವಿ ಮಾಮನೇ ಈಗ ನಮ್ಮ ರಕ್ಷಿತ ತೀರದ ಗೇಟು ಕಾಯುವವನು. ಸೀದಾ ಹೋಗಿ ಅವನ ಚೀಲ ತಡಕಿದೆ. ಒಣಮೀನು, ಬ್ರೆಡ್ಡು, ಅಷ್ಟೇ.

“ಬಾಯಿನೂ ಮೂಸಿ ನೋಡ್ತೀಯೇನಮ್ಮ ರೇಂಜರಮ್ಮ?” ಎಂದ. “ನಿಮ್ಮಪ್ಪ ಆ ವಿದ್ಯೆ ನಂಗೊಬ್ನಿಗೇ ಹೇಳ್ಕೊಟ್ಟಿದ್ನಾ?”

ಆ ಮಾತು ಕೊರೆಯುತ್ತಲೇ ಇತ್ತು. ಮಧ್ಯಾಹ್ನ ಮನೆಗೆ ಹೋದರೆ ಅಮ್ಮ ನಿನ್ನ ಕುರ್ಚಿಯ ಮುಂದೆ ತಟ್ಟೆ ಇಟ್ಟು, ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು.

“ಬಾತುಕೋಳೀದು,” ಎಂದಳು, ನಾನು ಕೇಳುವ ಮೊದಲೇ.

ಬಾತುಕೋಳಿಯದಾದರೆ ಬೆಂದು ಬೆಳ್ಳಗಾಗಬೇಕಿತ್ತು. ಇದು ಪೆಂಗ್ವಿನ್ ಮೊಟ್ಟೆಯ ಹಾಗೆ ಬೆಂದರೂ ಗಾಜಿನಂತೆ ತಿಳಿಯಾಗಿತ್ತು, ಒಳಗಿನ ಹಳದಿ ಕಾಣುತ್ತಿತ್ತು. ಅವಳ ಮುಂಗೈಯಲ್ಲಿ ಕೊಕ್ಕು ಕಚ್ಚಿದ ಹಸಿ ಗಾಯವಿತ್ತು.

“ಜೈಲಿಗೆ ಹಾಕ್ತೀಯಾ? ಹಾಕು,” ಎಂದಳು. “ಊಟ ಮಾಡ್ಕೊಂಡು ಹೋಗೋಣ.”

ನಾನು ಟೋಪಿ ತೆಗೆದು ಕೂತೆ.

ನೀನು ಹಾಸಿಗೆ ಹಿಡಿದಾಗ ಈ ಪೆಂಗ್ವಿನ್ ಮೊಟ್ಟೆಯೊಂದನ್ನೇ ಕೇಳಿದ್ದೆ. ಅಮ್ಮ ಕೋಳಿಮೊಟ್ಟೆ ಬೇಯಿಸಿ ತಂದಳು. ನೀನು ಆ ಬಿಳಿ ಮೊಟ್ಟೆಯನ್ನು ನೋಡಿದೆ, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಸಮವಸ್ತ್ರವನ್ನು ನೋಡಿದೆ.

“ಅದೇ ರುಚಿ ಕಣೇ,” ಎಂದು ಅಮ್ಮನಿಗೆ ಹೇಳಿ ನೀನು ಪೂರ್ತಿ ತಿಂದೆ.