ಜಿಲಾನಿ ಪಾಷಾನ ಕಾರನ್ನು ಬಿಟ್ಟುಕೊಡಿ

ಗಾಡಿಗಳಿಗೆ ನಂಬರು ಕೊಡುವ, ಕೊಟ್ಟ ನಂಬರನ್ನು ಕಿತ್ತುಕೊಳ್ಳುವ ದೊಡ್ಡ ಸಾಹೇಬರಿಗೆ,

ಮಾನ್ಯರೇ, ನಿಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ಜಾಲಿಗಿಡದ ಕೆಳಗೆ ಇಂಗ್ಲೆಂಡಿನ ಹಳೆಯ ಕಾರೊಂದು ಹೋದ ವರ್ಷದಿಂದ ನಿಂತಿದೆ. ಟೈರುಗಳಲ್ಲಿ ಗಾಳಿಯಿಲ್ಲ, ಒಳಗೆ ನಾಯಿ ಮರಿ ಹಾಕಿದೆ. ಹೊಗೆ ಉಗುಳುತ್ತದೆ ಎಂದು ನೀವು ಹಿಡಿದು ನಿಲ್ಲಿಸಿದ ಆ ಕಾರು ನನಗೆ ಈ ವಾರ ಬೇಕು. ನನ್ನ ಹೆಂಡತಿ ಅನ್ನಮ್ಮ ರಾಯಚೂರಿನ ದವಾಖಾನೆಯಲ್ಲಿ ಮಲಗಿದ್ದಾಳೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ, ಅಲುಗಾಡಿಸುವ ಹಾಗೂ ಇಲ್ಲ ಎಂದಿದ್ದಾರೆ. ಅವಳು ನಮ್ಮೂರು ಹಿರೇಕೊಟ್ನೆಕಲ್ಲಿಗೆ ತಿರುಗಿ ಹೋಗುವುದು ಉಸಿರು ನಿಂತ ಮೇಲೆಯೇ. ಹೇಗೆ ಹೋಗಬೇಕು ಎಂಬುದು ನಿಮ್ಮ ಕೈಯಲ್ಲಿದೆ.

ನಾನು ಊರಿನ ಅಯ್ಯ; ಹುಟ್ಟಿಗೂ ಸಾವಿಗೂ ನನ್ನನ್ನೇ ಕರೆಯುತ್ತಾರೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕೂತಂತೆ ಕಾಲು ಮಡಿಸಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣಿಗೆ ಒಪ್ಪಿಸುತ್ತೇವೆ. ಅದಕ್ಕೆ ಮೈ ಸೆಟೆಯುವ ಮುಂಚೆ ಕಾಲು ಮಡಿಸಬೇಕು. ರಾಯಚೂರಿನ ಟ್ಯಾಕ್ಸಿಯವರು ಹೆಣ ಹತ್ತಿಸುವುದಿಲ್ಲ, ಹತ್ತಿಸಿದ ಗಾಡಿಗೆ ಆಮೇಲೆ ಮದುವೆಯ ಬಾಡಿಗೆ ಹುಟ್ಟುವುದಿಲ್ಲವಂತೆ. ಮಾನ್ವಿ, ದೇವದುರ್ಗದ ಕಡೆಯ ಹೆಣಗಳನ್ನು ಇಷ್ಟು ವರ್ಷ ಊರು ಮುಟ್ಟಿಸಿದವನು ಈ ಕಾರಿನ ಮಾಲೀಕ ಜಿಲಾನಿ ಪಾಷಾ ಒಬ್ಬನೇ. ಯಾರ ಜಾತಿಯನ್ನೂ ಅವನು ಕೇಳುತ್ತಿರಲಿಲ್ಲ. ದವಾಖಾನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಕೇಳುತ್ತಿದ್ದುದು ಒಂದೇ ಮಾತು: “ಕುಂದ್ರಸೋದೋ, ಮಲಗಸೋದೋ?” ಕೂರಿಸುವುದು ಎಂದರೆ ಹಿಂದಿನ ಸೀಟಿನಲ್ಲಿ ತಾನೇ ಕಾಲು ಮಡಿಸಿ, ಪಂಚೆಯಿಂದ ಬಿಗಿದು, ತಲೆಗೆ ದಿಂಬು ಕೊಡುತ್ತಿದ್ದ.

ಇಂಥ ಕಾರಿನ ಮೇಲೆ ನಿಮಗೆ ಮೊದಲು ಬಂದ ಅನುಮಾನ ಅದು ವಿದೇಶದಿಂದ ಬಂದದ್ದರ ಬಗ್ಗೆ. ನಿಜಾಮರ ಕಾಲದಲ್ಲಿ ಒಬ್ಬ ಜಾಗೀರದಾರರು ಅದನ್ನು ಮುಂಬಯಿ ಬಂದರಿನಲ್ಲಿ ಇಳಿಸಿಕೊಂಡರು, ಊರು ಬಿಟ್ಟು ಹೋಗುವಾಗ ತಮ್ಮ ಡ್ರೈವರನಿಗೆ, ಅಂದರೆ ಜಿಲಾನಿಯ ಅಪ್ಪನಿಗೆ, ಕೊಟ್ಟು ಹೋದರು. ಮೊಹರು ಹಾಕಿದ ಉರ್ದು ಪರವಾನಗಿ ಅವನ ಬಳಿ ಇದೆ. ಅದನ್ನು ಕೊಟ್ಟ ಸರ್ಕಾರದಿಂದಲೇ ದೃಢೀಕರಿಸಿಕೊಂಡು ಬರಬೇಕು ಎಂದಿರಿ. ಸ್ವಾಮಿ, ಆ ಸರ್ಕಾರವನ್ನು ನಲವತ್ತೆಂಟರಲ್ಲಿ ದೆಹಲಿಯವರು ಸೈನ್ಯ ಕಳಿಸಿ ಮುಗಿಸಿದರಲ್ಲ! ಒಂದು ರುಜುವಿಗಾಗಿ ಅದನ್ನು ಮತ್ತೆ ಕರೆಸಬೇಕೇ? ನಿಮ್ಮ ಗುಮಾಸ್ತರು ನಿಮಗಿಂತ ದಯಾಳು. ಹಳೆಯ ವಿದೇಶಿ ಕಾರನ್ನು ಶೋಕಿಯ ಗಾಡಿ ಎಂದು ಬರೆದುಕೊಟ್ಟರೆ ವರ್ಷಕ್ಕೊಂದು ದಿನ ಮೆರವಣಿಗೆಯಲ್ಲಿ ಓಡಿಸಲು ಬಿಡಬಹುದು ಎಂದರು. ವರ್ಷಕ್ಕೊಂದೇ ದಿನ ಸಾಯುವಂತೆ ನಮ್ಮ ಊರುಗಳಿಗೆ ತಾವು ಒಂದು ಆದೇಶ ಹೊರಡಿಸಿದರೆ ಅದೂ ಆದೀತು.

ಇನ್ನು ಹೊಗೆಯ ಮಾತು. ಆ ಹೊಗೆ ಎಲ್ಲಿಂದ ಬಂತೆಂದು ಹೇಳುತ್ತೇನೆ. ನಿಮ್ಮ ಕಚೇರಿಯ ತಪಾಸಣೆಯ ಹಿಂದಿನ ದಿನ ಜಿಲಾನಿ ನಮ್ಮೂರಿಗೆ ಒಂದು ಹೆಣ ತಂದು ಅಲ್ಲೇ ಉಳಿದಿದ್ದ. ಮರುದಿನ ಮುಂಜಾನೆ ಅವನು ಬಾವಿಗೆ ಹೋಗಿದ್ದಾಗ, ಒಕ್ಕಲುತನದ ಗಡಿಗೆಪ್ಪನ ತಾಯಿ ಬಸವಂತಮ್ಮ ಬಂದಳು. ಅವಳ ಗಂಡನನ್ನೂ ಅದೇ ಕಾರು ಊರಿಗೆ ತಂದಿತ್ತು. ಸಂತೆಗೆ ಹೊರಟ ಎತ್ತಿಗೆ ಹೊಟ್ಟೆ ತುಂಬ ಮೇವು ಹಾಕಿ ಕಳಿಸುವುದು ನಮ್ಮ ಕಡೆಯ ರೂಢಿ. ಬಡಕಲು ಎತ್ತನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಮನೆತನಕ್ಕೆ ಅವಮಾನ. ಜಿಲಾನಿ ಇಂಜಿನ್ನಿಗೆ ಎಣ್ಣೆ ಹಾಕುವುದನ್ನು ಅವಳು ನೋಡಿದ್ದಳು. ಡಬ್ಬಿಯಲ್ಲಿದ್ದಷ್ಟನ್ನೂ ಕಂಠಮಟ್ಟ ಸುರಿದಳು. ಯಾಕವ್ವಾ ಎಂದು ನಾನು ಕೇಳಿದ್ದಕ್ಕೆ, “ದೊಡ್ಡೋರ ಮುಂದ ನಿಂದ್ರಾಕ ಹೊಂಟದ, ಹೊಟ್ಟಿ ತುಂಬ ಕುಡದು ಹೋಗ್ಲಿ ಬಿಡ್ರಿ ಅಯ್ಯಾರ” ಅಂದಳು. ಅದು ತಪ್ಪೆಂದು ನನಗೂ ಗೊತ್ತಿರಲಿಲ್ಲ. ಹೆಚ್ಚಾದ ಎಣ್ಣೆ ಸುಟ್ಟು ನಿಮ್ಮ ಅಂಗಳದಲ್ಲಿ ನೀಲಿ ಹೊಗೆ ಎದ್ದಿತು. ಜಿಲಾನಿಗೆ ಕೂಡಲೇ ಕಾರಣ ತಿಳಿಯಿತು. ಎಣ್ಣೆ ಇಳಿಸಿ ನಾಳೆ ಮತ್ತೆ ತರುತ್ತೇನೆ ಎಂದು ಕೈಮುಗಿದ. ಹೊಗೆ ಅಂದರೆ ಹೊಗೆ, ಅದರ ಕಾರಣ ಕೇಳುತ್ತಾ ಕೂರಲು ನನಗೆ ಪುರಸೊತ್ತಿಲ್ಲ ಎಂದಿರಿ ನೀವು. ಮಾನ್ವಿಯಲ್ಲಿ ಅಕ್ಕಿ ಗಿರಣಿಗಳು ಹೊಟ್ಟು ಸುಟ್ಟ ಹೊಗೆಗೆ ಒಗೆದು ಹಾಕಿದ ಬಟ್ಟೆ ಕಪ್ಪಾಗುತ್ತದೆ, ಆ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದು ಇದಕ್ಕೇ ಇರಬೇಕು. ಜಿಲಾನಿ ಈಗ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾನೆ.

ಈ ಬೇಸಿಗೆಯಲ್ಲಿ ಬಸವಂತಮ್ಮ ಇದೇ ದವಾಖಾನೆಯಲ್ಲಿ ತೀರಿಕೊಂಡಳು. ಗಡಿಗೆಪ್ಪ ಮಧ್ಯಾಹ್ನದವರೆಗೆ ಟ್ಯಾಕ್ಸಿಯವರ ಕಾಲು ಹಿಡಿದ. ಕೊನೆಗೆ ತಾಯಿಯನ್ನು ಹೊತ್ತು ತಂದು, ಗಂಡಹೆಂಡತಿ ಆ ಕಡೆ ಈ ಕಡೆ ಒತ್ತಿ ಕೂತು, ಮುಖಕ್ಕೆ ಸೆರಗು ಹಾಕಿ ಬಸ್ಸಿನಲ್ಲಿ ಕರೆತಂದರು. ಸೀಟಿನ ಮೇಲೆ ಕಾಲು ಮಡಿಸಿದರೆ ಜನರಿಗೆ ಗೊತ್ತಾಗುತ್ತದೆಂದು ಕಾಲು ಇಳಿಬಿಟ್ಟೇ ಕೂರಿಸಿದ್ದರು. ಕಂಡಕ್ಟರ್ ಬಂದಾಗ ಗಡಿಗೆಪ್ಪ ಮೂರು ಟಿಕೆಟ್ ಕೇಳಿ, “ನಮ್ಮವ್ವಗ ಜ್ವರ ಬಂದಾವ್ರಿ, ಈಗ ಕಣ್ಣು ಹತ್ಯಾವ” ಎಂದನಂತೆ. ಕಲ್ಲೂರಿನ ಹತ್ತಿರ ಟೈರು ಒಡೆಯಿತು. ಜನರೆಲ್ಲ ಇಳಿದು ನೆರಳಿಗೆ ಹೋದರು. ಇವರು ಕಾದ ತಗಡಿನೊಳಗೆ ಕೂತೇ ಇದ್ದರು. ಯಾರಾದರೂ ನೋಡಿಯಾರೆಂದು ಗಡಿಗೆಪ್ಪ ಹೆಣಕ್ಕೆ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದನಂತೆ. ಇದನ್ನು ಹೇಳುವಾಗ ಅವನು ಅತ್ತದ್ದನ್ನು ನನಗೆ ಮರೆಯಲಾಗುತ್ತಿಲ್ಲ.

ಊರಿಗೆ ಬಂದಾಗ ಮೊಣಕಾಲು ಮರವಾಗಿದ್ದವು. ಬಿಸಿನೀರು ಹಾಕಿದೆವು. ನನ್ನ ಅನ್ನಮ್ಮನೇ ಕೂತು ಎಣ್ಣೆ ತಿಕ್ಕಿದಳು. ಮಡಿಯಲಿಲ್ಲ. ಬಲವಾಗಿ ಒತ್ತಿ ಮುರಿಯೋಣ ಎಂದು ಕೆಲವರು ಮುಂದೆ ಬಂದರು. ಗಡಿಗೆಪ್ಪ ಅಡ್ಡ ನಿಂತು, “ಅಯ್ಯಾರ, ನಮ್ಮವ್ವನ ಕಾಲು ಮುರಿಬ್ಯಾಡ್ರಿ” ಎಂದ. ಕೊನೆಗೆ ಗುಂಡಿಯೊಳಗೆ ಮಣ್ಣಿನಲ್ಲಿ ಒಂದು ಕಟ್ಟೆ ಕಡಿಸಿ, ಕಾಲು ಇಳಿಬಿಟ್ಟ ಹಾಗೇ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮುಚ್ಚಿದೆವು. ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ನಾನು ಮಂತ್ರ ಹೇಳುತ್ತಾ ನಾಚಿಕೆಯಿಂದ ತಲೆ ತಗ್ಗಿಸಿದ್ದೆ.

ಶುದ್ಧ ಗಾಳಿ ನಮಗೂ ಬೇಕು ಸಾಹೇಬರೇ, ನಮಗೂ ಮೂಗಿದೆ. ನಾನು ಕೇಳುವುದು ಇಷ್ಟು: ಎಣ್ಣೆ ಇಳಿಸಿ ಆ ಕಾರನ್ನು ಮತ್ತೊಮ್ಮೆ ನೋಡಿ. ಆಮೇಲೂ ಹೊಗೆ ಬಂದರೆ, ಹೆಣ ಹತ್ತಿಸಿಕೊಳ್ಳುವ ಹೊಗೆಯಿಲ್ಲದ ಗಾಡಿಯೊಂದನ್ನು ನೀವೇ ಕೊಡಿ. ಎರಡೂ ಆಗದು ಎನ್ನುವುದಾದರೆ, ಅದನ್ನು ನನ್ನ ಹೆಂಡತಿಗೆ ನೀವೇ ಬಂದು ಹೇಳಿ. ಸೋಮವಾರದಿಂದ ಅವಳು ಹಾಸಿಗೆಯ ಮೇಲೆ ಕಾಲು ಚಾಚಿಲ್ಲ. ನರ್ಸಮ್ಮ ಬಂದು ಬಿಡಿಸಿ ಚಾಚುತ್ತಾರೆ. ಅವರು ಆ ಕಡೆ ಹೋದ ಕೂಡಲೇ ನೋವಿಗೆ ಹಲ್ಲು ಕಚ್ಚಿ ಮತ್ತೆ ಮಡಿಸಿಕೊಳ್ಳುತ್ತಾಳೆ. ಯಾಕೆಂದು ಕೇಳಿದೆ. “ಈಗ ಮಡಚಿ ಇಟ್ಟರ ಆಮ್ಯಾಲ ನಿಮಗ ತ್ರಾಸ ಆಗಂಗಿಲ್ರಿ” ಅಂದಳು. ಕಾರು ಬಿಟ್ಟರೆಂದು ಅವಳಿಗೆ ಹೇಳುವ ಹಾಗೆ ಮಾಡಿ. ಇರುವಷ್ಟು ದಿನ ಕಾಲು ಚಾಚಿ ಮಲಗಲಿ.

ಇಂತಿ, ತಾವು ಹೊಗೆಯಿಂದ ಕಾಪಾಡಿದ
ಮಹಾಂತಯ್ಯ, ಹಿರೇಕೊಟ್ನೆಕಲ್
ಸದ್ಯ ದವಾಖಾನೆಯ ಪಡಸಾಲೆ, ರಾಯಚೂರು, 1986